ನೌಕರಿಯೋ, ಸ್ವಂತ ಉದ್ಯಮವೋ?

ಬಿ.ಬಿ.ಎ. ಓದುವ ಮಗನೋ ಮಗಳೋ ‘ನೌಕರಿ ಬೇಡ, ಸ್ವಂತ ಉದ್ಯಮ ಮಾಡುತ್ತೇನೆ’ ಎಂದರೆ ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿ ಮೌನ ಕವಿಯುತ್ತದೆ. ತಂದೆಯ ಭಯ ಸುಳ್ಳಲ್ಲ. ಆದರೆ 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕೆಲಸವೂ ಒಂದು ಕಾಲಕ್ಕೆ ‘ಭದ್ರ’ವೇ ಆಗಿತ್ತು, ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ದಾವಣಗೆರೆಗೆ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳಲ್ಲೂ ಹಲವು ಬಾಗಿಲು ಹಾಕಿದವು. ಈ ಕಥೆ ಕೇಳುತ್ತ ಬೆಳೆದ ಮಕ್ಕಳನ್ನು ಉದ್ಯಮಕ್ಕೆ ನೂಕುವುದು, ಪಠ್ಯಪುಸ್ತಕ ಹೇಳುವ ಲಾಭದಾಸೆಗಿಂತ ಹೆಚ್ಚಾಗಿ, ನಮ್ಮ ಅನ್ನ ಇನ್ನೊಬ್ಬರ ಗೇಟಿನೊಳಗೆ ಇರಬಾರದೆಂಬ ಹಟ ಎಂದೇ ನನಗನ್ನಿಸುತ್ತದೆ.

ಹಟವೊಂದೇ ಸಾಲದು. ಪಾಲಕರೇ, ಬೇಡವೆನ್ನುವ ಮೊದಲು ಲೆಕ್ಕ ಕೇಳಿ: ಬಂಡವಾಳ ಎಷ್ಟು, ಗಿರಾಕಿ ಯಾರು, ಮೊದಲ ವರ್ಷ ನಷ್ಟವಾದರೆ ಏನು? ಹುಡುಗರೇ, ಉತ್ತರ ಬೇಕಿದ್ದರೆ ಈ ರಜೆಯಲ್ಲಿ ಒಂದು ತಿಂಗಳು ಮಂಡಕ್ಕಿ ಭಟ್ಟಿಯಲ್ಲೋ ಬೆಣ್ಣೆದೋಸೆ ಹೋಟೆಲಿನ ಗಲ್ಲಾದ ಪಕ್ಕದಲ್ಲೋ ಕುಳಿತು ಬನ್ನಿ.