ಮಲೆನಾಡಿನ ವಿದ್ಯಾರ್ಥಿಗೆ ಎಂಥ ಲ್ಯಾಪ್‌ಟಾಪ್?

ಪದವಿ ಕಾಲೇಜುಗಳ ಪ್ರವೇಶ ಆರಂಭವಾಗುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದು ಚಿಂತೆ ತಲೆದೋರುತ್ತದೆ: ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸುವುದು? ಹಿಂದೆ ಎಂಜಿನಿಯರಿಂಗ್ ಓದುವವರಿಗಷ್ಟೇ ಬೇಕಾಗಿದ್ದ ಈ ಯಂತ್ರ ಇಂದು ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೂ ಅನಿವಾರ್ಯ. ಆದರೆ ಕಾಲೇಜು ತೆರೆಯುವುದು ಮಳೆಗಾಲದಲ್ಲಿ. ಅಡಿಕೆಯ ಹಣ ಕೈಸೇರುವುದು ಕೊಯ್ಲು ಮುಗಿದ ಮೇಲೆ. ಎಲೆಚುಕ್ಕೆ ಮತ್ತು ಕೊಳೆರೋಗಗಳಿಂದ ಫಸಲೇ ಅನಿಶ್ಚಿತವಾಗಿರುವಾಗ ಮೂವತ್ತು, ನಲವತ್ತು ಸಾವಿರ ರೂಪಾಯಿ ಹೊಂದಿಸುವುದು ಸಣ್ಣ ಮಾತಲ್ಲ.

ಹೀಗೆ ಕಷ್ಟಪಟ್ಟು ಹೊಂದಿಸಿದ ಹಣವನ್ನು ನಮ್ಮ ಪೋಷಕರು ಹೇಗೆ ವಿನಿಯೋಗಿಸುತ್ತಿದ್ದಾರೆ ಎಂಬುದೇ ನನ್ನ ಆತಂಕ. ಸಲಹೆ ಕೇಳಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಜಾಹೀರಾತಿನ ಪಟ್ಟಿಯಿರುತ್ತದೆ. ಆ ಪಟ್ಟಿ ಸಿದ್ಧವಾಗಿರುವುದು ದಿನವಿಡೀ ವಿದ್ಯುತ್ ಇರುವ, ಪಕ್ಕದ ಬೀದಿಯಲ್ಲೇ ದುರಸ್ತಿ ಕೇಂದ್ರ ಸಿಗುವ ನಗರದವರಿಗಾಗಿ. ನಮ್ಮ ಊರಿಗೆ ಬೇಕಾದ ಲೆಕ್ಕವೇ ಬೇರೆ.

ನಾವು ಮೊದಲು ವಿಚಾರಿಸಬೇಕಾದದ್ದು ಬ್ಯಾಟರಿಯನ್ನು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಅದೇ ಶರಾವತಿಯ ಹಿನ್ನೀರಿನ ಹಳ್ಳಿಗಳಲ್ಲಿ ಇಂದಿಗೂ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟಿರುವುದಿಲ್ಲ. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಓದು, ಬರವಣಿಗೆಗೆ ಗಂಟೆಗೆ ಸುಮಾರು ಹತ್ತು ವ್ಯಾಟ್-ಅವರ್ ಖರ್ಚಾಗುತ್ತದೆಂದು ಇಟ್ಟುಕೊಂಡರೆ 50 ವ್ಯಾಟ್-ಅವರ್ ಬ್ಯಾಟರಿ ಐದು ತಾಸು ನಡೆದೀತು. ‘ಗೇಮಿಂಗ್’ ಹೆಸರಿನ ಯಂತ್ರಗಳು ಇದಕ್ಕಿಂತ ಎಷ್ಟೋ ಬೇಗ ಬ್ಯಾಟರಿ ಬರಿದು ಮಾಡುತ್ತವೆ, ಭಾರವೂ ಹೆಚ್ಚು. ನಿತ್ಯ ಬಸ್ಸಿನಲ್ಲಿ ನಿಂತು ಪ್ರಯಾಣಿಸುವ ವಿದ್ಯಾರ್ಥಿಗೆ ಒಂದೂವರೆ ಕಿಲೋ ಆಸುಪಾಸಿನ ಯಂತ್ರ ಸಾಕು.

ಎರಡನೆಯದು ಓದಿನ ವಿಷಯ. ಕಲಾ, ವಾಣಿಜ್ಯ ವಿಭಾಗದವರಿಗೆ ಇತ್ತೀಚಿನ ಕೋರ್ ಐ3 ಅಥವಾ ರೈಜೆನ್ 3 ಪ್ರೊಸೆಸರ್, 8 ಜಿಬಿ ರ‍್ಯಾಮ್ ಧಾರಾಳವಾಗಿ ಸಾಕು. ಬಿಸಿಎ, ಎಂಜಿನಿಯರಿಂಗ್ ಓದುವವರಿಗೆ 16 ಜಿಬಿ ಒಳ್ಳೆಯದು. ಕೊಳ್ಳುವಾಗ ಹಣ ಸಾಲದಿದ್ದರೆ, ಮುಂದೆ ರ‍್ಯಾಮ್ ಸೇರಿಸಲು ಖಾಲಿ ಸ್ಥಳವಿರುವ ಮಾದರಿಯನ್ನು ಆರಿಸಬಹುದು. ಸಂಗ್ರಹಕ್ಕೆ ತಿರುಗುವ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಅದರೊಳಗೆ ಚಲಿಸುವ ಭಾಗಗಳಿಲ್ಲದ ಕಾರಣ ನಮ್ಮ ರಸ್ತೆಗಳ ಕುಲುಕಾಟವನ್ನು ತಾಳಿಕೊಳ್ಳುತ್ತದೆ.

ಅಗ್ಗಕ್ಕೆ ಸಿಗುವ ಹಳೆಯ ಯಂತ್ರ ಕೊಳ್ಳುವವರು ಇನ್ನೊಂದು ಸಂಗತಿ ಗಮನಿಸಬೇಕು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿದೆ. ಇಂಟೆಲ್‌ನ ಏಳನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥ ಯಂತ್ರ ಕೈಗೆ ಬಂದರೆ ಉಚಿತವಾದ ಲಿನಕ್ಸ್ ಹಾಕಿಕೊಳ್ಳಬಹುದು. ಲಿಬ್ರೆ ಆಫೀಸ್ ಕೂಡ ಉಚಿತ; ಯೂನಿಕೋಡ್ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ.

ದುರಸ್ತಿಯ ಮಾತನ್ನು ಹಲವರು ಮರೆಯುತ್ತಾರೆ. ಈ ಮೂರು ತಾಲ್ಲೂಕು ಕೇಂದ್ರಗಳಿಂದಲೂ ಶಿವಮೊಗ್ಗ ಅರವತ್ತು, ಎಪ್ಪತ್ತು ಕಿಲೋಮೀಟರ್ ದೂರ. ಒಂದು ಕೀಲಿಮಣೆ ಕೆಟ್ಟರೂ ಇಡೀ ದಿನ ಹಾಳು. ಆದ್ದರಿಂದ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಮ್ಮ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಜಾಣತನ. ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಚೀಲದೊಳಗೆ ಮುಚ್ಚಿಡದೆ ದಿನವೂ ಬಳಸುವುದು, ಗುಡುಗು ಕೇಳಿದೊಡನೆ ಚಾರ್ಜರ್ ಕಿತ್ತಿಡುವುದು ಸಹ ಅಷ್ಟೇ ಮುಖ್ಯ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹೊರೆ ಪೂರ್ತಿ ಪೋಷಕರ ಮೇಲೆಯೇ ಬೀಳುವುದು ನ್ಯಾಯವೇ? 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. 2021ರಲ್ಲಿ ಟ್ಯಾಬ್ಲೆಟ್ ಕೊಟ್ಟಿತು. ಒಂದು ವರ್ಷ ಸೇರಿದವರಿಗೆ ಸಿಕ್ಕಿದ್ದು ಇನ್ನೊಂದು ವರ್ಷ ಸೇರಿದವರಿಗೆ ಸಿಗದಿದ್ದರೆ ಅದನ್ನು ನೀತಿ ಎನ್ನಲಾಗದು, ಅದೃಷ್ಟವೆನ್ನಬೇಕು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್‌ಗಳ ಮೇಲಿನ ಜಿಎಸ್‌ಟಿಯನ್ನು ಕೈಬಿಟ್ಟದ್ದು ಸ್ವಾಗತಾರ್ಹ. ಲ್ಯಾಪ್‌ಟಾಪ್ ಮಾತ್ರ ಶೇ 18ರಲ್ಲೇ ಉಳಿಯಿತು. ನಲವತ್ತು ಸಾವಿರ ರೂಪಾಯಿಯ ಯಂತ್ರದಲ್ಲಿ ಆರು ಸಾವಿರಕ್ಕೂ ಹೆಚ್ಚು ತೆರಿಗೆಯೇ ಆಗುತ್ತದೆ. ವಿದ್ಯಾರ್ಥಿಯ ಪಾಲಿಗೆ ಇದೂ ನೋಟ್‌ಬುಕ್ಕೇ ಅಲ್ಲವೇ?

ಸರ್ಕಾರ ಮನಸ್ಸು ಮಾಡುವವರೆಗೆ ನಾವೇ ಮಾಡಬಹುದಾದ ಕೆಲಸವೂ ಇದೆ. ಗೊಬ್ಬರಕ್ಕೆ, ಔಷಧಿ ಸಿಂಪಡಣೆಗೆ ಸಾಲ ಕೊಟ್ಟು, ಫಸಲು ಬಂದ ಮೇಲೆ ಹಿಂಪಡೆಯುವ ಪದ್ಧತಿ ನಮ್ಮ ಸಹಕಾರ ಸಂಘಗಳಿಗೆ ಹೊಸದೇನಲ್ಲ. ಅದೇ ಕ್ರಮದಲ್ಲಿ, ಕಾಲೇಜು ತೆರೆಯುವ ಹೊತ್ತಿಗೆ ಸದಸ್ಯರ ಮಕ್ಕಳ ಲ್ಯಾಪ್‌ಟಾಪಿಗೆ ಕಡಿಮೆ ಬಡ್ಡಿಯ ಸಾಲ ನೀಡಿ, ಅಡಿಕೆ ಮಾರಿದ ಬಳಿಕ ವಸೂಲು ಮಾಡಬಾರದೇಕೆ? ನೂರಾರು ಕುಟುಂಬಗಳ ಪರವಾಗಿ ಒಟ್ಟಾಗಿ ಖರೀದಿಸಿದರೆ ಬೆಲೆಯಲ್ಲೂ ವಾರಂಟಿಯಲ್ಲೂ ಚೌಕಾಸಿ ಮಾಡುವ ಬಲ ಬರುತ್ತದೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದುನಿಂತು ಈ ಪ್ರಸ್ತಾಪ ಮಂಡಿಸಿದರೆ ಚರ್ಚೆಯಾದರೂ ಆರಂಭವಾದೀತು.