ತೋಟ ನೋಡುವ ತಿಂಗಳು ಜನವರಿಯಲ್ಲ



ನಾನು ಕೃಷ್ಣಾ ದಂಡೆಯ ಗಲಗಲಿಯ ಕಬ್ಬಿನ ರೈತ. ಕಾಫಿ, ಅಡಿಕೆ ಬೆಳೆಗಾರರಾದ ನಿಮ್ಮ ಪತ್ರಿಕೆಯಲ್ಲಿ ಬಯಲುಸೀಮೆಯವನಿಗೆ ಏನು ಕೆಲಸ ಎಂದು ಕೇಳಬಹುದು. ನಿಮ್ಮ ತೋಟ ನೋಡಲು ಬಸ್ಸು ಮಾಡಿಕೊಂಡು ಬರುವವರು ನಾವು. ಆ ಪ್ರವಾಸದ ಬಗ್ಗೆಯೇ ನನ್ನ ಮಾತು.

2025ರ ಜನವರಿಯಲ್ಲಿ ನಮ್ಮೂರಿನ ಮೂವತ್ತು ಮಂದಿ ಮುಧೋಳ, ಲೋಕಾಪುರ, ಯರಗಟ್ಟಿ, ಧಾರವಾಡ ದಾಟಿ ಯಲ್ಲಾಪುರಕ್ಕೆ ಬಂದೆವು. ತೋಟದಲ್ಲಿ ತಂಪು, ಅಂಗಳದ ತುಂಬ ಕೆಂಪಡಿಕೆ. ಅರಬೈಲು ಘಟ್ಟ ಇಳಿದು ಅಂಕೋಲಾದಲ್ಲಿ ಕಡಲು ಕಂಡು ಮರಳಿದೆವು. ದಾರಿಯುದ್ದಕ್ಕೂ ಅಡಿಕೆ ಸಸಿಯದೇ ಮಾತು. ನನ್ನ ತಮ್ಮ, “ಅಣ್ಣಾ, ನಮಗ ಹೊಳಿ ನೀರೈತಿ. ಎರಡ ಎಕರೆ ಕಬ್ಬು ಕಿತ್ತು ಅಡಕಿ ಹಚ್ಚೂಣು” ಎಂದ.

ನಾನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಸೆಪ್ಟೆಂಬರಿನಲ್ಲಿ ಅವನನ್ನು ಕರೆದುಕೊಂಡು ಯಲ್ಲಾಪುರ ಸೀಮೆಯ ಸ್ನೇಹಿತರ ಮನೆಗೆ ಮತ್ತೆ ಹೋದೆ. ಅದೇ ತೋಟ. ಮರದ ಬುಡದಲ್ಲಿ ಕೊಳೆತು ಉದುರಿದ ಎಳೆಗಾಯಿ. ಮಳೆಗೆ ಮೊದಲು ಒಂದು, ನಲವತ್ತು ದಿನ ಬಿಟ್ಟು ಇನ್ನೊಂದು ಎಂದು ಮದ್ದು ಹೊಡೆಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮದ್ದು ಸಿದ್ಧವಿದ್ದರೂ ಮಳೆ ಬಿಡುವು ಕೊಡಬೇಕು, ಮರ ಹತ್ತುವ ಕೊನೆಗೌಡ ಸಿಗಬೇಕು. ಸ್ನೇಹಿತರು ನಕ್ಕು, “ಜನವರಿಯಲ್ಲಿ ಬಂದವರಿಗೆ ನಮ್ಮ ತೋಟ ಮದುವೆ ಮನೆ. ಖರ್ಚಿನ ಲೆಕ್ಕ ಇರುವುದು ಮಳೆಗಾಲದಲ್ಲಿ” ಎಂದರು.

ಸೊಪ್ಪಿನ ಬೆಟ್ಟಕ್ಕೂ ಕರೆದೊಯ್ದರು. ತೋಟಕ್ಕೆ ಸೊಪ್ಪು, ನೆರಳು, ಒರತೆಯ ನೀರು ಎಲ್ಲಕ್ಕೂ ಆ ಬೆಟ್ಟವೇ ಆಧಾರ. ನಮ್ಮ ಎರೆಮಣ್ಣಿನಲ್ಲಿ ನೀರು ಬಸಿದುಹೋಗುವುದಿಲ್ಲ, ಏಪ್ರಿಲ್ ಬಿಸಿಲಿಗೆ ಮರೆಯಿಲ್ಲ. ತಮ್ಮ ಏನೂ ಹೇಳಲಿಲ್ಲ. ಸಸಿಗೆ ಕೊಟ್ಟಿದ್ದ ಮುಂಗಡ ಬಿಟ್ಟುಬಿಟ್ಟ.

ಬೆಟ್ಟ ಗಟ್ಟಿಯಾಗಿ ನಿಲ್ಲದಿದ್ದರೆ ತೋಟವೂ ಇಲ್ಲ, ದಾರಿಯೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು ಸುತ್ತಿನಲ್ಲಿ ಕಾಫಿ ತೋಟಗಳು ಜಾರಿದವು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು, ದಾರಿಬದಿಯ ಚಹಾ ಅಂಗಡಿಯವರೂ ಪ್ರಯಾಣಿಕರೂ ಜೀವ ಕಳೆದುಕೊಂಡರು. ಚೀನಾದ ದಕ್ಷಿಣ ತುದಿಯ ಹೈನಾನ್ ಪ್ರಾಂತದಲ್ಲಿ ನಡುವೆ ಗುಡ್ಡ, ಸುತ್ತ ಕಡಲು; ನಿಮ್ಮ ಹಾಗೆ ಅವರಿಗೂ ಅಡಿಕೆ, ಕಾಫಿ ಎರಡೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಯಾಗಿ ಚಂಡಮಾರುತ ಅಪ್ಪಳಿಸಿತು. ಗುಡ್ಡ ಕಡಲುಗಳ ನಡುವೆ ಬೆಳೆಯುವವನ ಕಷ್ಟ ಎಲ್ಲೆಡೆಯೂ ಒಂದೇ. ಚಳಿಗಾಲದ ಪ್ರವಾಸಿಗೆ ಅದು ಕಾಣುವುದಿಲ್ಲ.

ಆದ್ದರಿಂದ ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟು. ಅಧ್ಯಯನ ಪ್ರವಾಸವನ್ನು ಮಳೆ ತಗ್ಗುವ ಸೆಪ್ಟೆಂಬರಿಗೆ ಇಡಿರಿ. ಹವಾಮಾನದ ಎಚ್ಚರಿಕೆ ಇದ್ದ ದಿನ ಹೊರಡಬೇಡಿರಿ, ಘಟ್ಟವನ್ನು ಹಗಲಲ್ಲೇ ಇಳಿಯಿರಿ. ವಸತಿಗೃಹದ ಬದಲು ಒಬ್ಬೊಬ್ಬ ಸದಸ್ಯರ ಮನೆಯಲ್ಲಿ ಇಬ್ಬಿಬ್ಬರಂತೆ ಎರಡು ರಾತ್ರಿ ಉಳಿಸಿರಿ. ಖರ್ಚಿನ ಪುಸ್ತಕವನ್ನೂ ತೆರೆದು ತೋರಿಸಿರಿ.

ನೀವೂ ನಮ್ಮಲ್ಲಿಗೆ ಬರಬೇಕು. ಕಬ್ಬು ಕಡಿಯುವ ಸಂಭ್ರಮದಲ್ಲಿ ಬೇಡ, ಏಪ್ರಿಲಿನಲ್ಲಿ ಬನ್ನಿರಿ. ಅತಿ ನೀರು ಹಾಯಿಸಿ ಸವಳು-ಜವಳಾದ ಹೊಲಗಳನ್ನು ತೋರಿಸುತ್ತೇವೆ. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರ ಎಲ್ಲಿಯವರೆಗೆ ಬಂದಿತ್ತೆಂದು ತೋರಿಸುತ್ತೇವೆ. ಫಸಲಿನ ಜೊತೆ ಸೋಲನ್ನೂ ತೋರಿಸುವವನೇ ರೈತನಿಗೆ ನಿಜವಾದ ನೆಂಟ. ರೊಟ್ಟಿ, ಎಣಗಾಯಿ ಪಲ್ಯ ನಮ್ಮ ಕಡೆಯದು.