ಹಾಡು ಉಳಿದವು, ಹೆಸರು ಹೋದವು

ಕಳೆದ ರಜೆಯಲ್ಲಿ ನಾವು ಮೂವರು ಗೆಳೆಯರು ಅಜ್ಜಿಯರ ಹಾಡು ರೆಕಾರ್ಡ್ ಮಾಡೋಣ ಅಂತ ಹೊರಟ್ವಿ. ಸಿರುಗುಪ್ಪದ ಗೆಳೆಯ ತನ್ನ ಓಣಿಯಲ್ಲೇ 23 ಹಾಡು ಸೇರಿಸಿದ: ಸೋಬಾನೆ ಪದ, ಬೀಸೋಕಲ್ಲಿನ ಪದ. ಯಾವ ಹಾಡು, ಯಾರು ಹಾಡಿದ್ದು ಅನ್ನೋದನ್ನ ಫೈಲಿನ ಹೆಸರಲ್ಲೇ ಕನ್ನಡದಲ್ಲಿ ಬರೆದಿಟ್ಟ. ಬೇರೆಲ್ಲೂ ಬರೆದಿರಲಿಲ್ಲ. ಮನೆಯ ಹಳೇ ಕಂಪ್ಯೂಟರಿನಲ್ಲಿದ್ದ ಒಂದು ಹಳೇ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಜಿಪ್ ಮಾಡಿ ನಮಗೆ ಕಳಿಸಿದ. ಜಾಗ ಸಾಲಲ್ಲ ಅಂತ ಮೂಲ ಫೈಲುಗಳನ್ನು ಅಳಿಸಿಯೂಬಿಟ್ಟ.

ಕುರುಗೋಡಿನ ಗೆಳೆಯನದು ಉಬುಂಟು. ತೆರೆದು ನೋಡಿ ನನಗೆ ಫೋನ್ ಮಾಡಿದ: "ಏನಲೇ ಇದು, ಬರೀ ಗೆರೆ ಕಳಿಸ್ಯಾನ!" ಬಳ್ಳಾರಿಯಲ್ಲಿ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಅದೇ ಕಥೆ. ಮೊದಲಿನ ನಂಬರ್ ಬಿಟ್ಟರೆ ಹೆಸರೆಲ್ಲ ಅಡಿಗೆರೆ. ಹಾಡು ಮಾತ್ರ ಚೆನ್ನಾಗೇ ಕೇಳ್ತಿತ್ತು. ಭತ್ತದ ಚೀಲ ಬಂತು, ಯಾರ ಹೊಲದ್ದು ಅನ್ನೋ ಗುರುತು ಅಳಿಸಿಹೋಗಿತ್ತು.

ಸೀನಿಯರ್ ಒಬ್ಬರು ಕೇಳಿ ನಕ್ಕರು. "ಅದಕ್ಕೇ ಹೇಳೋದು, ಫೈಲಿಗೆ ಇಂಗ್ಲಿಷ್ ಹೆಸರಿಡಿ ಅಂತ." ಈ ಮಾತನ್ನ ನಾನು ಒಪ್ಪಲ್ಲ.

ಇಂಗ್ಲಿಷ್ ಹೆಸರು ಎಲ್ಲಿ ಬೇಕಾದರೂ ತೆರೆಯುತ್ತೆ, ನಿಜ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಳ್ಳಿಯೂ ಹಲ್ಲಿಯೂ ಒಂದೇ. ಮಳೆ ಹಾಡನ್ನ ಹಾಗೆ ಬರೆದರೆ, ಓದೋನು ಅದನ್ನ ಗಂಡಸರ ಹಾಡು ಅಂತ ತಿಳ್ಕೊಳ್ಳಬಹುದು.

ತಪ್ಪು ಕನ್ನಡದ್ದೂ ಅಲ್ಲ. ಫಿಲ್ ಕಾಟ್ಜ್ 1989ರಲ್ಲಿ ಜಿಪ್ ತಂದಾಗ ಫೈಲಿನ ಹೆಸರಿಗೆ ಬಳಸಿದ್ದು ಐಬಿಎಂ ಪಿಸಿಯ ಅಕ್ಷರಪಟ್ಟಿ. ಅದರಲ್ಲಿ ಇದ್ದದ್ದೇ 256 ಜಾಗ, ಕನ್ನಡಕ್ಕೆ ಒಂದೂ ಇಲ್ಲ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಜಿಪ್ ನಿಯಮಾವಳಿಗೆ 2006ರಲ್ಲಿ ಯುಟಿಎಫ್-8 ಹೆಸರುಗಳೂ ಸೇರಿದವು. ಅದನ್ನ ಅರಿಯದ ಹಳೇ ಸಾಫ್ಟ್‌ವೇರ್ ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೋ ಗೆರೆಯನ್ನೋ ಹಾಕಿ ಸುಮ್ಮನಾಗುತ್ತೆ. ಹಾಗೆ ಹಾಕಿದ ಮೇಲೆ ಮೂಲ ಅಕ್ಷರ ಫೈಲಿನೊಳಗೆ ಇರೋದೇ ಇಲ್ಲ, ಯಾವ ಟೂಲೂ ವಾಪಸ್ ತರಲಾರದು.

ಇನ್ನೊಂದು ವಿಷಯ. ಕಟ್ಟೋದು ಬೇರೆ, ಕುಗ್ಗಿಸೋದು ಬೇರೆ. ಲಿನಕ್ಸ್‌ನಲ್ಲಿ ಟಾರ್ ಬರೀ ಕಟ್ಟುತ್ತೆ, ಜಿಜಿಪ್ ಕುಗ್ಗಿಸುತ್ತೆ. ಜಿಪ್ ಎರಡನ್ನೂ ಮಾಡುತ್ತೆ. ಎಂಪಿ3, ಜೆಪೆಗ್ ಮೊದಲೇ ಕುಗ್ಗಿದ ಫೈಲುಗಳು, ಜಿಪ್ ಮಾಡಿದರೆ ಹೆಚ್ಚೇನೂ ಸಣ್ಣ ಆಗಲ್ಲ. ಅಲ್ಲಿ ನಮಗೆ ಬೇಕಿರೋದು ಒಟ್ಟಿಗೆ ಕಟ್ಟೋದು ಮಾತ್ರ. ಹಾಗಾಗಿ ಎಷ್ಟು ಎಂಬಿ ಉಳಿಯಿತು ಅನ್ನೋದಕ್ಕಿಂತ, ಗಂಟು ಬಿಚ್ಚಿದಾಗ ಹೆಸರು ಉಳೀತಾ ಅಂತ ನೋಡಬೇಕು.

ನನ್ನ ಪ್ರಕಾರ ಕಟ್ಟಿದವನೇ ಇದಕ್ಕೆ ಜವಾಬ್ದಾರ. "ನನ್ನ ಸಿಸ್ಟಂನಲ್ಲಿ ಓಪನ್ ಆಗುತ್ತೆ" ಅಂದರೆ ಸಾಲದು. ಹೊಸ 7-ಜಿಪ್‌ನಂಥ ಸಾಫ್ಟ್‌ವೇರ್ ಬಳಸಿ. ಹೆಸರಿನ ಮುಂದೆ 01, 02 ಅಂತ ನಂಬರ್ ಇರಲಿ, ಹಿಂದೆ ಕನ್ನಡವೂ ಇರಲಿ. ಹೆಸರು ಚಿಕ್ಕದಿರಲಿ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 255 ಬೈಟ್ ಮಿತಿ, ಕನ್ನಡದ ಒಂದೊಂದು ಅಕ್ಷರಕ್ಕೂ ಮಾತ್ರೆಗೂ ಮೂರು ಮೂರು ಬೈಟ್, ಒತ್ತಿಗೆ ಆರು ಬೈಟ್ ಹೋಗುತ್ತೆ. ಯಾವ ನಂಬರಿನಲ್ಲಿ ಏನಿದೆ ಅನ್ನೋ ಪಟ್ಟಿಯನ್ನ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಒಳಗೇ ಸೇರಿಸಿ. ಅದನ್ನ ಯುನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದರೆ, ಆ ಫಾಂಟ್ ಇಲ್ಲದ ಕಡೆ ಮತ್ತೆ ಅರ್ಥವಾಗದ ಚಿಹ್ನೆಗಳೇ ಕಾಣೋದು.

ಕೊನೆಗೆ, ಬೇರೆ ಓಎಸ್ ಇರೋ ಒಬ್ಬರು ಬಿಚ್ಚಿ ನೋಡಿ "ಸರಿ ಇದೆ" ಅನ್ನೋವರೆಗೂ ಮೂಲ ಫೈಲ್ ಅಳಿಸಬೇಡಿ.

ನಾವು ಮತ್ತೆ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದ್ವಿ. ಅಜ್ಜಿಯರನ್ನ ಕಟ್ಟೆ ಮೇಲೆ ಕೂರಿಸಿ 23 ಹಾಡನ್ನೂ ಕೇಳಿಸಿದ್ವಿ. "ಇದು ನಂದಲ್ಲ, ಆಕಿದು" ಅಂತ ಒಬ್ಬರನ್ನೊಬ್ಬರು ತೋರಿಸಿ ನಕ್ಕರು. 20 ಹಾಡಿಗೆ ಹೆಸರು ಸಿಕ್ಕಿತು. ಉಳಿದ ಮೂರು ಯಾರ ದನಿ ಅಂತ ಯಾರಿಗೂ ಗೊತ್ತಾಗಲಿಲ್ಲ.